ಒಡಕಿನ ನಾಲ್ಕು ಡಜನ್

ಗಾಜಿನ ಬಳೆ ಸಗಟಾಗಿ ಕೊಳ್ಳುವವರಿಗೆ ನನ್ನದೊಂದು ಮಾತು: ಒಂದೇ ಪೆಟ್ಟಿಗೆ ತೆರೆದು ನೋಡಿ ಇಡೀ ಸರಕನ್ನು ಅಳೆಯಬೇಡಿ. ಈ ಮಾತನ್ನು ಗಟ್ಟಿಯಾಗಿ ಹಿಡಿದದ್ದಕ್ಕೇ ನನಗೆ ಹೆಂಡತಿ ಸಿಕ್ಕಳು.

ಆಗ ನಾನು ಬೆಂಗೇರಿ, ಗೋಪನಕೊಪ್ಪದ ಓಣಿಗಳಲ್ಲಿ ಬಳೆಯ ಮಲಾರ ಹೊತ್ತು ತಿರುಗುತ್ತಿದ್ದೆ. ಸರಕು ತರುತ್ತಿದ್ದುದು ಹುಬ್ಬಳ್ಳಿ ಪೇಟೆಯ ಸಗಟು ವ್ಯಾಪಾರಿಯೊಬ್ಬರಲ್ಲಿ. ಅವರ ಮಗಳನ್ನೇ ನನಗೆ ಕೊಡಿ ಎಂದು ಕೇಳಿದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ರೈಲಿನಲ್ಲಿ ಬಂದಿಳಿದ ಐದು ಪೆಟ್ಟಿಗೆ ತೋರಿಸಿದರು.

"ತೆರೀಲಾರದ ಹೇಳು, ಪೆಟಗಿಗೆ ಒಡಕು ಎಷ್ಟು ಹಿಡೀತಿ? ತಪ್ಪಿದ್ರ ನನ್ನ ಮಗಳ ಮಾತು ಎತ್ತಬ್ಯಾಡ."

ಅವರ ಪೆಟ್ಟಿಗೆ ಎಷ್ಟೋ ತೆರೆದವ ನಾನು. ಹೆಚ್ಚಿನವು ಛಲೋ ಇರುತ್ತವೆ. ನಡುವೆ ಒಂದೊಂದು ಪುಡಿಪುಡಿ. ಎಲ್ಲ ಕೂಡಿಸಿ ನೋಡಿ, "ನಾಲ್ಕು ಡಜನ್ ರಿ ಕಾಕಾ" ಅಂದೆ.

ಮೊದಲನೆಯದರಲ್ಲಿ ಒಂದೂ ಒಡೆದಿರಲಿಲ್ಲ. ಕಾಕಾ ಹೊಟ್ಟೆ ಕುಲುಕಿಸಿ ನಕ್ಕರು. ಎರಡನೆಯದರಲ್ಲಿ ಒಂದು ಡಜನ್. ಮೂರನೆಯದರಲ್ಲಿ ಹತ್ತು! ಮುಂದಿನದರಲ್ಲಿ ಮತ್ತೆ ಒಂದು, ಕಡೆಯದರಲ್ಲಿ ಏಳು.

"ಎಲ್ಲೈತೋ ನಿನ್ನ ನಾಲ್ಕು? ಒಂದರಾಗರೆ ಬಂತೇನು? ಎದ್ದು ನಡಿ."

ಚೌಕಾಶಿಯಲ್ಲಿ ಮೊದಲು ಎದ್ದವನೇ ಸೋತ. ನಾನು ಚಾಪೆ ಬಿಡಲಿಲ್ಲ. "ಒಡಕೆಲ್ಲಾ ಕೂಡಿಸಿ ಐದಕ್ಕೂ ಸಮ ಹಂಚಿ ನೋಡ್ರಿ" ಅಂದೆ.

ಕಸಬರಿಗೆ ಹಿಡಿದು ಗಾಜು ಬಳಿಯುತ್ತಿದ್ದ ಮಗಳು ಆಗಲೇ ಮನಸ್ಸಿನಲ್ಲಿ ಹಂಚಿಬಿಟ್ಟಿದ್ದಳು. "ಅಪ್ಪಾ, ನಾಲ್ಕಕ್ಕ ತುಸು ಕಮ್ಮಿ ಬರ್ತದ."

"ಒಂದು ಪೆಟಗ್ಯಾಗೂ ಇಲ್ಲದ್ದು ಎಲ್ಲಿಂದ ಬಂತವ್ವಾ?"

"ಐದೂ ಪೆಟಗ್ಯಾಗಿಂದ."

ಕಾಕಾ ಅವಳನ್ನು ನೋಡಿದರು, ನನ್ನನ್ನು ನೋಡಿದರು. "ನೀ ಯಾಕ ಇವನ ಪರವಾಗಿ ಲೆಕ್ಕಾ ಹಾಕಾಕತ್ತಿ?"

ಅವಳು ಸೆರಗಿನಲ್ಲಿ ನಗು ಮುಚ್ಚಿದಳು. ಕಾಕಾಗೆ ಎರಡೂ ಲೆಕ್ಕ ತಿಳಿದವು. "ಚಹಾ ಇಡು ಹೋಗು" ಅಂದರು. ಸಂಬಂಧ ಕುದುರಿತು.

ನೀವು ಕೊಳ್ಳುವುದು ಒಂದೇ ಪೆಟ್ಟಿಗೆಯಾದರೆ ನನ್ನ ನಾಲ್ಕನ್ನು ನಂಬಬೇಡಿ. ಅದರಲ್ಲಿ ಎಷ್ಟು ಒಡೆದಿರುತ್ತದೋ ಅದು ನಿಮ್ಮ ದೈವ. ರಾಶಿಗಟ್ಟಲೆ, ವರ್ಷಗಟ್ಟಲೆ ಕೊಳ್ಳುವವರನ್ನಷ್ಟೇ ಆ ನಾಲ್ಕು ಕೈಹಿಡಿಯುತ್ತದೆ.

ಮದುವೆಯಾದ ಮೇಲಿನ ಮೊದಲ ಪಂಚಮಿಗೆ ಅವಳಿಗೆ ನಾನೇ ಬಳೆ ಇಟ್ಟೆ. ಮೊದಲನೆಯದೇ ಚಟ್ಟೆಂದಿತು.

"ಇದನ್ನೂ ನಿಮ್ಮ ನಾಲ್ಕರಾಗ ಹಿಡಿದಿದ್ರೇನ್ರಿ?"

"ಒಂದು ಬಳಿ ನೋಡಿ ಗಂಡನ್ನ ಅಳೀಬ್ಯಾಡ" ಅಂದೆ. "ಆ ಕೈ ಕೊಡು."