ಬೇಡಿ ಬಿಚ್ಚಿಸಿದ ಆಹೇರಿ

ಏಕೀಕರಣದ ಮಾತು ಊರೂರಲ್ಲಿ ನಡೆದಿದ್ದ ಕಾಲ. ನಮ್ಮ ನಾಟಕ ಕಂಪನಿ ಮುಂಡರಗಿಯಲ್ಲಿ ಕ್ಯಾಂಪ್ ಹಾಕಿತ್ತು. ಆಡುತ್ತಿದ್ದದ್ದು ಖೂನಿಯ ಕಥೆ, ಖೂನಿ ಮಾಡುವವನು ನಾನೇ. ನಾನು ರಂಗಕ್ಕೆ ಬಂದರೆ ಸಾಕು, "ಇವನ್ನ ಗಲ್ಲಿಗೆ ಹಾಕ್ರಿ!" ಎಂದು ಜನ ಕೂಗುತ್ತಿದ್ದರು. ನಾಟಕವನ್ನು ನಡುವೆಯೇ ನಿಲ್ಲಿಸಿ, ಮೆಚ್ಚಿದ ನಟನಿಗೆ ಶಾಲು, ಟಾವೆಲ್ ಹೊದಿಸಿ ಆಹೇರಿ ಮಾಡುವುದು ನಮ್ಮ ಕಡೆಯ ಪದ್ಧತಿ. ಆ ಶಾಲು, ಟಾವೆಲ್ಲುಗಳೆಲ್ಲ ನನ್ನನ್ನು ಹಿಡಿಯುವ ಫೌಜದಾರನ ಪಾತ್ರದವನಿಗೇ ಹೋಗುತ್ತಿದ್ದವು. ನನಗೆ ಬರೀ ಬೈಗುಳ.

ಒಂದು ದಿನ ಅವನು ನನಗೆ ಬೇಡಿ ಹಾಕುತ್ತಿದ್ದಂತೆ ಅಸುಂಡಿಯ ಮುದುಕಿಯೊಬ್ಬಳು ಟಾವೆಲ್ ಹಿಡಿದು ರಂಗ ಹತ್ತಿದಳು. ಫೌಜದಾರ ರೂಢಿಯಂತೆ ಕೊರಳು ಬಾಗಿಸಿದ.

"ನಿನಗಲ್ಲೋ ಯಪ್ಪಾ, ಈ ತಮ್ಮಗ. ಇಂವ ಖೂನಿ ಮಾಡಲಿಲ್ಲಂದ್ರ ನೀ ಯಾರನ್ನ ಹಿಡೀತಿದ್ದಿ?" ಎಂದಳು. ಆಮೇಲೆ ನನ್ನ ಕೈ ನೋಡಿ, "ಬೇಡಿ ಬಿದ್ದ ಕೈಗೆ ಆಹೇರಿ ಕೊಡೂದು ಛಲೋ ಅಲ್ಲ. ಮೊದಲ ಬಿಚ್ಚು" ಎಂದಳು.

ಫೌಜದಾರ ಮುಖ ಗಂಟು ಹಾಕಿಕೊಂಡೇ ಬೇಡಿ ಬಿಚ್ಚಿದ. ನಾನು ಟಾವೆಲ್ ತಗೊಂಡು, ಅಜ್ಜಿಯ ಕಾಲು ಮುಟ್ಟಿ ಎದ್ದೆ. ಆಗ ಕೆಳಗಿನಿಂದ ಜನ, "ಓಡಲೇ, ಓಡು! ಜಲ್ದಿ ಓಡು!" ಎಂದು ಕೂಗತೊಡಗಿದರು. ಈಗಷ್ಟೇ ನನಗೆ ಗಲ್ಲು ಬೇಡಿದ್ದವರೇ! ನನ್ನ ಕಣ್ಣು ತುಂಬಿ ಬಂತು. ಏನು ಮಾಡುವುದು, ನಾಟಕ ಮುಗಿಯಬೇಕಲ್ಲ. ನಾನೇ ಕೈ ಚಾಚಿ ಬೇಡಿ ಹಾಕಿಸಿಕೊಂಡೆ.

ಮುಂದೆ ನಾಯಕನ ಪಾತ್ರಗಳನ್ನೂ ಮಾಡಿದೆ, ಶಾಲುಗಳೂ ಬಂದವು. ಆದರೆ ಒಳ್ಳೆಯವನು ಬದುಕಲಿ ಎಂದು ಯಾರೂ ಅಷ್ಟು ಜೋರಾಗಿ ಕೂಗಲಿಲ್ಲ.