ನಲ್ಲಿಗೆ ಕಟ್ಟಿದ ತೆಂಗಿನಕಾಯಿ

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಹೊನ್ನಾವರದ ನಮ್ಮ ಅಡುಗೆಮನೆಗೆ ನಾನೊಂದು ಹೊಸ ನಮೂನೆಯ ನಲ್ಲಿ ಹಾಕಿಸಿದ್ದೆ. ತಿರುಗಿಸುವ ಕೆಲಸವೇ ಇಲ್ಲ. ಹಿಡಿ ಎತ್ತಿದರೆ ನೀರು, ಇಳಿಸಿದರೆ ಬಂದ್. ಬಲಕ್ಕೆ ತಣ್ಣೀರು, ಎಡಕ್ಕೆ ಬಿಸಿನೀರು. ನಮ್ಮ ಬಿಸಿನೀರೆಲ್ಲ ಬಚ್ಚಲಿನ ಹಂಡೆಯಲ್ಲೇ ಕಾಯುತ್ತಿದ್ದುದರಿಂದ ಎಡಗಡೆಯ ದಾರಿ ಮುಚ್ಚಿಸಿಬಿಟ್ಟಿದ್ದೆವು. ಬಂದ ನೆಂಟರು ಮಾತ್ರ ಎಡಕ್ಕೇ ಎಳೆದು, "ಎಂತದು, ನಿಮ್ಮಲ್ಲಿ ನೀರೇ ಇಲ್ವಾ?" ಎಂದು ಮರುಗುತ್ತಿದ್ದರು.

ಹಾಕಿಸಿದ್ದು ಷೋಕಿಗಲ್ಲ, ಆಯಿಗಾಗಿ, ಅಂದರೆ ನನ್ನ ಅಮ್ಮನಿಗಾಗಿ. ವಾತದಿಂದ ಆಯಿಯ ಬೆರಳುಗಳು ಸೊಟ್ಟಗಾಗಿ ಹಳೆಯ ಹಿತ್ತಾಳೆ ನಲ್ಲಿಯನ್ನು ತಿರುಗಿಸಲು ಆಗುತ್ತಿರಲಿಲ್ಲ. ಅಕ್ಕಿ ತೊಳೆಯುವುದಕ್ಕೂ ನನ್ನನ್ನೋ ಅಪ್ಪನನ್ನೋ ಕರೆಯಬೇಕು. ತೆರೆಯಲು ಒಮ್ಮೆ, ಮುಚ್ಚಲು ಇನ್ನೊಮ್ಮೆ. ಯಾರ ಹಂಗೂ ಇಲ್ಲದೆ ಅಡುಗೆ ಮಾಡಿಕೊಂಡು ಬಂದವಳಿಗೆ ಹಾಗೆ ಕರೆಯುವುದೇ ದೊಡ್ಡ ಶಿಕ್ಷೆಯಾಗಿತ್ತು. ಹೊಸ ನಲ್ಲಿಯನ್ನು ಮಣಿಕಟ್ಟಿನಿಂದಲೇ ಎತ್ತಬಹುದಿತ್ತು. ಮೊದಲ ದಿನ ಅವಳು ಕೆಲಸವಿಲ್ಲದಿದ್ದರೂ ನಾಲ್ಕು ಸಲ ಎತ್ತಿ ಇಳಿಸಿ ನೋಡಿದ್ದಳು.

ವರ್ಷ ತುಂಬುವುದರೊಳಗೆ ಅದು ತೊಟ್ಟಿಕ್ಕತೊಡಗಿತು. ನಲ್ಲಿಯೆಂದರೆ ಬಿಗಿಯಬೇಕಾದ್ದು ಎಂದು ನಂಬಿದವನು ಅಪ್ಪ. ಇಲ್ಲಿ ಬಿಗಿಯಲು ಏನೂ ಇಲ್ಲದ್ದರಿಂದ ಹೋದಾಗಲೆಲ್ಲ ಹಿಡಿಯನ್ನು ಅಂಗೈಯಿಂದ ಒತ್ತಿ ಬರುತ್ತಿದ್ದ. ಒತ್ತಿದರೆ ನಿಲ್ಲುತ್ತಿತ್ತು, ಕೈ ತೆಗೆದರೆ ಮತ್ತೆ ಟಪ್ ಟಪ್. ಒಂದು ಸಂಜೆ ನಾನು ಶಾಲೆಯಿಂದ ಬಂದು ನೋಡುತ್ತೇನೆ, ಹಿಡಿಯ ತುದಿಗೆ ಹಗ್ಗ ಬಿಗಿದು ಜುಟ್ಟಿನ ಸಮೇತ ಒಂದು ತೆಂಗಿನಕಾಯಿ ನೇತುಹಾಕಿದ್ದಾನೆ!

"ಎಂತ ಅಪ್ಪಾ ಇದು?"

"ಭಾರಕ್ಕೆ. ನೋಡು ಈಗ, ಒಂದು ಹನಿ ಬಿದ್ರೆ ಹೇಳು."

ನಿಜಕ್ಕೂ ಬೀಳುತ್ತಿರಲಿಲ್ಲ. ಶಾಲೆಯಲ್ಲಿ ಸನ್ನೆಕೋಲಿನ ಪಾಠ ಮಾಡುವ ನನಗೇ ಹೊಳೆಯದ ಉಪಾಯ. ಎರಡು ದಿನ ಮನೆಗೆ ಬಂದವರಿಗೆಲ್ಲ ತೋರಿಸಿ ನಕ್ಕೆವು. ಮೂರನೆಯ ದಿನ ಬೆಳಿಗ್ಗೆ ಅಡುಗೆಮನೆಗೆ ಹೋದರೆ, ಆಯಿ ಅಕ್ಕಿಯ ಪಾತ್ರೆ ಹಿಡಿದು ನಲ್ಲಿಯ ಎದುರು ಸುಮ್ಮನೆ ನಿಂತಿದ್ದಳು. ಕಾಯಿಯ ಭಾರಕ್ಕೆ ಹಿಡಿ ಅವಳ ಕೈಗೆ ಏಳುತ್ತಿರಲಿಲ್ಲ. ಕರೆಯಲು ಮನಸ್ಸಿಲ್ಲದೆ, ಯಾರಾದರೂ ತಾವಾಗಿ ಬರಲಿ ಎಂದು ಕಾಯುತ್ತಿದ್ದಳು.

ನನಗೆ ನಾಚಿಕೆಯಾಯಿತು. ನನ್ನ ಸ್ವಭಾವವೇ ಹಾಗೆ, ನಾಚಿಕೆಯಾದಾಗ ಕೂಗಾಡುತ್ತೇನೆ. ಅಪ್ಪನ ಮೇಲೆ ರೇಗಿದೆ. ಅವನಿಗೂ ಸಿಟ್ಟು ಬಂತು.

"ಹಾಗಾದ್ರೆ ಕಿತ್ತು ಬಿಸಾಕುವ. ಹಿತ್ತಾಳೆದು ಅಟ್ಟದ ಮೇಲೆ ಉಂಟು. ಬೇಸಗೇಲಿ ಬಾವಿ ನೀರು ಹೀಂಗೆ ಹಾಳು ಮಾಡೂಕೆ ಆಗೂದಿಲ್ಲ. ಭಾನುವಾರ ಪ್ಲಂಬರಿಗೆ ಬರೂಕೆ ಹೇಳ್ತೆ."

ಆಯಿ ಅಕ್ಕಿಯ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಹಿತ್ತಿಲಿಗೆ ನಡೆದಳು. ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಶನಿವಾರ ಅರ್ಧ ದಿನದ ಶಾಲೆ. ಬಂದವನೇ ತಾರಸಿಗೆ ಹೋಗಿ ಟ್ಯಾಂಕಿನ ವಾಲ್ವ್ ಮುಚ್ಚಿದೆ. ಹಿಡಿಯ ಮೇಲಿನ ಕೆಂಪು-ನೀಲಿ ಬಿಲ್ಲೆಯನ್ನು ಪಿನ್ನಿನಿಂದ ಎಬ್ಬಿಸಿದರೆ ಒಳಗೊಂದು ಸ್ಕ್ರೂ. ಅದನ್ನು ಬಿಚ್ಚಿ, ಹಿಡಿ ಕಳಚಿ, ಕೆಳಗಿನ ನಟ್ಟು ತಿರುಗಿಸಿದೆ. ಹಳೆಯ ನಲ್ಲಿಗಳಂತೆ ಒಂದು ವಾಷರ್ ಬದಲಿಸಿದರೆ ಆಯಿತು ಎಂದುಕೊಂಡಿದ್ದೆ. ಕೈಗೆ ಬಂದದ್ದು ಎಲೆಯಡಿಕೆಯ ಸುಣ್ಣದ ಡಬ್ಬಿಯಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು. ಊರಿನ ನಲ್ಲಿ ಸಾಮಾನಿನ ಅಂಗಡಿಗೆ ಒಯ್ದರೆ, ಅಂಗಡಿಯವನು ಅದನ್ನು ಮುಟ್ಟಲೂ ಇಲ್ಲ.

"ಮಾಸ್ತರ್ರೇ, ಭಟ್ಕಳಕ್ಕೆ ಹೋಗಿ. ಅಲ್ಲಿ ಗಲ್ಫಿಂದ ಬಂದವ್ರ ಮನೇಲೆಲ್ಲ ಇಂಥದ್ದೇ."

ತುಂಡನ್ನು ಪೇಪರಿನಲ್ಲಿ ಸುತ್ತಿ ಜೇಬಿಗಿಳಿಸಿ ಬಸ್ಸು ಹತ್ತಿದೆ. ಭಟ್ಕಳದ ಅಂಗಡಿಯ ಸಾಹೇಬರು ಯಾರದೋ ಜೊತೆ ಅಲ್ಲಿನ ಮುಸಲ್ಮಾನರ ನವಾಯತಿ ಭಾಷೆಯಲ್ಲಿ ಮಾತಾಡುತ್ತಲೇ ಅದನ್ನು ತಿರುಗಿಸಿ ನೋಡಿ, ನನ್ನ ಕಡೆಗೆ ಕನ್ನಡಕ್ಕೆ ಹೊರಳಿದರು.

"ಮರಳು ಹೊಕ್ಕಿದೆ, ಅದಿರ್ಲಿ. ಆದ್ರೆ ಹಿಡಿ ಸಿಕ್ಕಿಸೂ ಈ ಗೂಟ ಡೊಂಕಾಗಿದೆಯಲ್ಲ, ಇದ್ರ ಮೇಲೆ ಯಾರು ಕೂತಿದ್ರು?"

"ತೆಂಗಿನಕಾಯಿ" ಎಂದೆ.

ಅವರು ನಂಬಲಿಲ್ಲ. ಅದೇ ಅಳತೆಯ ಹೊಸದನ್ನು ಹುಡುಕಿ ಕೊಟ್ಟು, "ಇದನ್ನ ಒತ್ತೂದು ಬೇಡ ಸರ್, ಮೆಲ್ಲಗೆ ಇಳಿಸಿದ್ರೆ ಸಾಕು" ಎಂದರು.

ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತು. ಇಡೀ ಮನೆಗೆ ಇದ್ದದ್ದು ಒಂದೇ ವಾಲ್ವ್, ಹಾಗಾಗಿ ಅಪ್ಪ ಮಧ್ಯಾಹ್ನದಿಂದ ಬಾವಿಯಿಂದ ನೀರು ಸೇದಿ ಸೇದಿ ಸುಸ್ತಾಗಿದ್ದ. ಆದರೂ ಟಾರ್ಚ್ ಹಿಡಿದು ನಿಂತ. ಹೊಸ ತುಂಡಿನ ಅಡಿಯ ಮೊಳೆಯಂಥ ಎರಡು ತುದಿಗಳನ್ನು ನಲ್ಲಿಯೊಳಗಿನ ತೂತುಗಳಿಗೆ ಕೂರಿಸಿ, ನಟ್ಟು ತಿರುಗಿಸಿ, ಹಿಡಿ ಹಾಕಿದೆ. ಅಪ್ಪನೇ ಮೇಲೆ ಹೋಗಿ ವಾಲ್ವ್ ತೆರೆದು ಬಂದ. ಇಬ್ಬರೂ ನಲ್ಲಿಯ ಬಾಯನ್ನೇ ನೋಡುತ್ತ ನಿಂತೆವು. ಹನಿ ಬೀಳಲಿಲ್ಲ.

"ಅಡ್ಡಿಲ್ಲ" ಎಂದ ಅಪ್ಪ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಅಟ್ಟದ ಮೇಲಿನ ಹಿತ್ತಾಳೆ ನಲ್ಲಿಯ ಮಾತು ಎತ್ತಲಿಲ್ಲ.

ಆಯಿ ನಮ್ಮ ನಡುವೆ ದಾರಿ ಮಾಡಿಕೊಂಡು ಬಂದಳು. ಮಣಿಕಟ್ಟಿನಿಂದ ಹಿಡಿ ಎತ್ತಿದಳು, ಅಕ್ಕಿ ತೊಳೆದಳು, ಮಣಿಕಟ್ಟಿನಿಂದಲೇ ಇಳಿಸಿದಳು. ಆಮೇಲೆ ತಿರುಗಿ ನೋಡಿ, "ಎಂತ ನೋಡ್ತಾ ನಿಂತದ್ದು ಇಬ್ರೂ? ಹೊರಗೆ ನಡೀರಿ, ನಂಗೆ ಕೆಲಸ ಉಂಟು" ಎಂದಳು.

ನಾವು ಜಗಲಿಗೆ ಬಂದು ಕೂತೆವು. ಒಳಗೆ ನೀರು ಬರುವುದು ನಿಲ್ಲುವುದು ಕೇಳುತ್ತಿತ್ತು, ಮತ್ತೆ ಬರುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಆ ಸಂಜೆ ಆಯಿ ನಮ್ಮನ್ನು ಕರೆದದ್ದು ಒಂದೇ ಸಲ, ಊಟಕ್ಕೆ.