ಎರಡು ಚುಕ್ಕಿಯ ವಿಮರ್ಶಕ

ನಾನು ಕೊನೆಯ ಪುಟದವರೆಗೆ ಓದಿ ವಿಮರ್ಶೆ ಬರೆದದ್ದು ಕಾಮಿಕ್ಸ್ ಪುಸ್ತಕಗಳಿಗೆ ಮಾತ್ರ. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ. ಆಗ ಎಷ್ಟು ನಾಚಿಕೆಯಿತ್ತೆಂದರೆ, ಅದರಿಂದಲೇ ನನ್ನ ಬದುಕು ಬೇರೆ ದಾರಿ ಹಿಡಿಯಿತು.

ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ನಾನು ಗುಬ್ಬಿಯ ಮನೆಯಿಂದ ದಿನಾ ಬಸ್ಸಿನಲ್ಲಿ ತುಮಕೂರಿಗೆ ಬಂದು, ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಪಾರ್ಟ್ ಟೈಮ್ ಕೆಲಸ. ಬೇಸಿಗೆ ರಜೆ ಬಂದರೆ ಹುಡುಗರಿಗೆ ಖುಷಿ, ನನಗೆ ಉಪವಾಸ. ಮುಂದಿನ ವರ್ಷ ಒಂದು ಕಾಯಂ ಹುದ್ದೆ ಆಗುತ್ತದೆ ಎಂದು ವಿಭಾಗದ ಮುಖ್ಯಸ್ಥರು ಕಿವಿಯಲ್ಲಿ ಹೇಳಿದ್ದರು. ಆ ಮಾತನ್ನು ಅವರು ಇನ್ನೂ ಎಷ್ಟು ಕಿವಿಗಳಲ್ಲಿ ಹೇಳಿದ್ದರೋ ಗೊತ್ತಿಲ್ಲ. ನಾನಂತೂ ಆ ಹುದ್ದೆಗಾಗಿ ಜೀವ ಹಿಡಿದುಕೊಂಡಿದ್ದೆ.

ಹುದ್ದೆ ಸಿಗಬೇಕಾದರೆ ಹೆಸರಾಗಬೇಕು, ಹೆಸರಾಗಬೇಕಾದರೆ ವಿಮರ್ಶಕನಾಗಬೇಕು ಎಂಬುದು ನನ್ನ ಲೆಕ್ಕಾಚಾರ. ಕಾವ್ಯದ ಬಗ್ಗೆ ಇಪ್ಪತ್ತೆರಡು ಪುಟದ ಪ್ರಬಂಧ ಬರೆದು, ತುಮಕೂರಿನ ವಾರಪತ್ರಿಕೆಯೊಂದರ ಸಂಪಾದಕರ ಬಳಿಗೆ ಒಯ್ದೆ. ನಾಲ್ಕು ಪುಟದ ಪತ್ರಿಕೆ. ಸಂಪಾದಕರು ನನ್ನ ಪ್ರಬಂಧವನ್ನು ಓದಲಿಲ್ಲ, ಕೈಯಲ್ಲಿ ಹಿಡಿದು ತೂಕ ನೋಡಿದರು.

"ಮೇಷ್ಟ್ರೇ, ಇದನ್ನ ಹಾಕಿದ್ರೆ ಜಾಹೀರಾತು ಎಲ್ ಹಾಕ್ಲಿ? ಒಂದ್ ಕೆಲ್ಸ ಮಾಡಿ. ಬಸ್ ಸ್ಟ್ಯಾಂಡ್ ಬುಕ್ ಸ್ಟಾಲ್ನೋರು ವಾರ ವಾರ ಜಾಹೀರಾತು ಕೊಡ್ತಾರೆ. ಅವ್ರಿಗೆ ಶುಕ್ರವಾರ ಬೆಂಗಳೂರಿಂದ ಹೊಸ ಕಾಮಿಕ್ಸ್ ಬರ್ತವೆ, ಹಾರಾಡೋನು, ಮುಖವಾಡ ಹಾಕ್ಕೊಂಡೋನು, ಅಂಥೋರ್ದು. ಅದ್ರ ವಿಮರ್ಶೆ ಬರ್ಕೊಡಿ. ನಿಮ್ ಪ್ರಬಂಧ ಆಮೇಲ್ ನೋಡಣ."

ನನಗೆ ಮೈ ಉರಿಯಿತು. ಆದರೆ 'ಆಮೇಲೆ ನೋಡಣ' ಎಂಬ ಮಾತಿಗೆ ಸೋತು ಒಪ್ಪಿಕೊಂಡೆ. ಹೆಸರು ಹಾಕಬಾರದು ಎಂಬ ಷರತ್ತು ಮಾತ್ರ ಇಟ್ಟೆ. ಪ್ರೆಸ್ಸಿನಲ್ಲಿ ಚುಕ್ಕಿಯ ಅಚ್ಚುಮೊಳೆಗಳು ಬೇಕಾದಷ್ಟು ಬಿದ್ದಿದ್ದವು. ಹೆಸರಿನ ಜಾಗದಲ್ಲಿ ಎರಡು ಚುಕ್ಕಿ ಕೂರಿಸಿದರು.

ಆ ಕಾಲದಲ್ಲಿ ಪುಸ್ತಕ ವಿಮರ್ಶೆಗೆ ಒಂದು ಪದ್ಧತಿ ಇತ್ತು, ಈಗಲೂ ಇದೆ ಎಂದು ಕೇಳಿದ್ದೇನೆ. ಮುನ್ನುಡಿಯಿಂದ ಎರಡು ವಾಕ್ಯ, ಬೆನ್ನುಡಿಯಿಂದ ಒಂದು, ನಡುವೆ ಒಂದು 'ಆದರೆ', ಕೊನೆಯಲ್ಲಿ 'ಮುದ್ರಣದೋಷಗಳನ್ನು ತಪ್ಪಿಸಬಹುದಿತ್ತು'. ವಿಭಾಗದ ಮುಖ್ಯಸ್ಥರ ಕವನ ಸಂಕಲನಕ್ಕೆ ನಾನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಹೀಗೆಯೇ ಬರೆದಿದ್ದೆ. ಅವರು ಕಣ್ಣು ಒದ್ದೆ ಮಾಡಿಕೊಂಡು ನನ್ನ ಕೈ ಹಿಡಿದು, "ನನ್ನ ಒಳಗನ್ನೇ ಹೊಕ್ಕು ನೋಡಿದೀರಿ ಕಣ್ರೀ" ಅಂದರು. ನಾನು ಹೊಕ್ಕಿದ್ದು ನಾಲ್ಕನೇ ಪುಟದವರೆಗೆ.

ಕಾಮಿಕ್ಸಿಗೆ ಮುನ್ನುಡಿಯೂ ಇಲ್ಲ, ಬೆನ್ನುಡಿಯೂ ಇಲ್ಲ. ಹಿಂದಿನ ರಕ್ಷಾಪುಟದಲ್ಲಿ ಬಿಸ್ಕತ್ತಿನ ಜಾಹೀರಾತು. ಮೊದಲ ವಾರ ದಿಕ್ಕು ತೋಚದೆ ಮುಖಪುಟವನ್ನೇ ನಂಬಿದೆ. ಅದರಲ್ಲಿ ಹಾರಾಡುವ ವೀರ ದೊಡ್ಡ ಮೊಸಳೆಯೊಂದರ ಬಾಯಿ ಸೀಳುತ್ತಿದ್ದ. 'ಮೊಸಳೆಯೊಂದಿಗಿನ ಈ ಹೋರಾಟ, ಮನುಷ್ಯ ತನ್ನ ಸುಪ್ತ ಪ್ರಜ್ಞೆಯೊಂದಿಗೆ ನಡೆಸುವ ನಿರಂತರ ಸಂಘರ್ಷವೇ ಆಗಿದೆ' ಎಂದು ಬರೆದುಕೊಟ್ಟೆ. ನಡುವೆ ಒಂದು 'ಆದರೆ'ಯನ್ನೂ ಸೇರಿಸಿದೆ. ಮುದ್ರಣದೋಷಗಳನ್ನೂ ಮರೆಯಲಿಲ್ಲ.

ಮುಂದಿನ ವಾರ ಸಂಪಾದಕರು ಒಂದು ಹಿಡಿ ಪೋಸ್ಟ್ ಕಾರ್ಡುಗಳನ್ನು ಮೇಜಿನ ಮೇಲೆ ಎಸೆದರು. ಎಲ್ಲವೂ ಮಕ್ಕಳವು. ಮೇಲಿದ್ದದ್ದು ಕುಣಿಗಲ್ಲಿನಿಂದ ಬಂದದ್ದು, ದುಂಡನೆಯ ಅಕ್ಷರ: 'ಸಂಪಾದಕರಿಗೆ ನಮಸ್ಕಾರಗಳು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎರಡು ಸಲ ಹುಡುಕಿದೆ. ಪುಸ್ತಕದಲ್ಲಿ ಮೊಸಳೆ ಇಲ್ಲ. ಕಥೆ ನಡೆಯುವುದು ಮರಳುಗಾಡಿನಲ್ಲಿ. ವಿಮರ್ಶೆ ಬರೆದವರು ಬೇರೆ ಪುಸ್ತಕ ಓದಿದರೋ ಅಥವಾ ಯಾವುದನ್ನೂ ಓದಲಿಲ್ಲವೋ, ದಯವಿಟ್ಟು ತಿಳಿಸಿ. ಇಂತಿ, ಏಳನೇ ತರಗತಿ ವಿದ್ಯಾರ್ಥಿನಿ.'

"ಏನ್ರೀ ಇದು? ಮರಳುಗಾಡಲ್ಲಿ ಮೊಸಳೆ ಬಿಟ್ಟಿದೀರಲ್ಲ!" ಎಂದು ಸಂಪಾದಕರು ನಕ್ಕರು. ನನಗೆ ನಗು ಬರಲಿಲ್ಲ. ಎಷ್ಟೋ ಕವಿಗಳಿಗೆ ನಾನು ಇಲ್ಲದ ಆಳವನ್ನು ದಯಪಾಲಿಸಿದ್ದೆ. ಒಬ್ಬ ಕವಿಯಾದರೂ, ಆ ಆಳ ಯಾವ ಪುಟದಲ್ಲಿದೆ ಎಂದು ಕಾರ್ಡು ಬರೆದು ಕೇಳಿರಲಿಲ್ಲ. ಹೆಸರು ಇಲ್ಲದ್ದೇ ಧೈರ್ಯವಾಗಿ, ಆ ವಾರದ ಅಂಕಣದ ಮೊದಲಲ್ಲೇ ಬರೆದೆ: 'ಮೊಸಳೆ ಇಲ್ಲ. ನಾನು ಪುಸ್ತಕ ತೆರೆದಿರಲಿಲ್ಲ. ಕ್ಷಮಿಸಿ.'

ಅಲ್ಲಿಂದ ಮುಂದೆ ಓದತೊಡಗಿದೆ. ಬುಕ್ ಸ್ಟಾಲಿನವರದು ಒಂದೇ ಕಟ್ಟಳೆ. ಶುಕ್ರವಾರ ಸಂಜೆ ಕಟ್ಟು ಒಯ್ಯಬೇಕು, ಶನಿವಾರ ಬೆಳಿಗ್ಗೆ ವಾಪಸ್ ಕೊಡಬೇಕು. "ಪೂರ್ತಿ ಬಿಡಿಸ್ಬೇಡಿ ಮೇಷ್ಟ್ರೇ, ಮಡಿಕೆ ಬಿದ್ರೆ ಯಾರೂ ತಗೊಳಲ್ಲ" ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಹಾಗಾಗಿ ಪುಸ್ತಕವನ್ನು ಎರಡು ಬೆರಳಿನಷ್ಟು ಮಾತ್ರ ಬಿಡಿಸಿ, ಕತ್ತು ಓರೆ ಮಾಡಿಕೊಂಡು, ಬಾಗಿಲ ಸಂದಿಯಿಂದ ಇಣುಕುವಂತೆ ಓದಬೇಕಾಗಿತ್ತು. ಗುಬ್ಬಿ ಬಸ್ಸಿನಲ್ಲಿ ಯಾರಾದರೂ ಶಿಷ್ಯರು ಕಂಡಾರೆಂದು, ಸಾಹಿತ್ಯ ಚರಿತ್ರೆಯ ದಪ್ಪ ಸಂಪುಟದ ಒಳಗಿಟ್ಟುಕೊಂಡು ಓದುತ್ತಿದ್ದೆ. ಕಂಡಕ್ಟರು ನನ್ನ ವಿದ್ವತ್ತಿಗೆ ಮೆಚ್ಚಿ ಕಿಟಕಿ ಪಕ್ಕದ ಸೀಟು ಬಿಡಿಸಿಕೊಡುತ್ತಿದ್ದ. ಕತ್ತು ಹಿಡಿದುಕೊಂಡಾಗ ಅಮ್ಮ ಎಣ್ಣೆ ಹಚ್ಚಿ ತಿಕ್ಕುತ್ತಾ, "ಅಷ್ಟೊಂದ್ ಯಾಕ್ಲಾ ಓದ್ತೀಯ" ಎಂದು ಮರುಗುತ್ತಿದ್ದಳು.

ಓದಿದಾಗ ಗೊತ್ತಾಯಿತು, ಬರೆಯಲು ಎಷ್ಟೊಂದು ಇದೆ ಎಂದು. ಒಂದು ವಾರ ಹಾರಾಡುವ ವೀರ ಏಳನೇ ಅಂತಸ್ತಿನಿಂದ ನೆಲಕ್ಕೆ ಬೀಳುವಷ್ಟರಲ್ಲಿ ಹನ್ನೊಂದು ಸಾಲಿನ ಸಂಭಾಷಣೆ ಹೇಳಿ ಮುಗಿಸಿದ. ಮಾತು ಇನ್ನಷ್ಟಿದ್ದರೆ ಕಟ್ಟಡವನ್ನು ಎತ್ತರಿಸಬೇಕಾಗುತ್ತಿತ್ತು ಎಂದು ಬರೆದೆ. ಅವನು ಯಾರ ಮನೆಗೂ ಬಾಗಿಲಿನಿಂದ ಬರುತ್ತಿರಲಿಲ್ಲ, ಗೋಡೆ ಒಡೆದುಕೊಂಡೇ ಬರುತ್ತಿದ್ದ. 'ನಮ್ಮ ಶೆಟ್ಟಿಹಳ್ಳಿ ಬಡಾವಣೆಯಲ್ಲಿ ಸಾಲ ಮಾಡಿ ಮನೆ ಕಟ್ಟಿಸಿದವರು ಇಂಥ ರಕ್ಷಕನಿಗಿಂತ ಕಳ್ಳನನ್ನೇ ಇಷ್ಟಪಡುತ್ತಾರೆ' ಎಂದು ಬರೆದೆ. ಖಳನ ಕಾರ್ಖಾನೆಯ ಯಂತ್ರಗಳು ಹಗಲೂ ರಾತ್ರಿ ನಿಲ್ಲದೆ ಓಡುತ್ತಿದ್ದವು. ಅವನಿಗೆ ಎಲ್ಲಿಂದ ಕರೆಂಟು ಬರುತ್ತದೆ ಎಂದು, ದಿನಾ ಕರೆಂಟು ಹೋಗಿ ಕೈಕಟ್ಟಿ ಕೂರುತ್ತಿದ್ದ ತುಮಕೂರಿನ ಸತ್ಯಮಂಗಲದ ಕೈಗಾರಿಕೆಯವರ ಪರವಾಗಿ ಕೇಳಿದೆ. ಇನ್ನೊಬ್ಬ ಖಳ, ಜಗತ್ತನ್ನೇ ಸುಡುವ ಯಂತ್ರವನ್ನು ಬೆಟ್ಟದ ತುದಿಯಲ್ಲಿ ಬಯಲಲ್ಲೇ ಇಟ್ಟಿದ್ದ. ದೇವರಾಯನದುರ್ಗದ ಮೇಲೆ ಇಟ್ಟಿದ್ದರೆ ವೀರ ಬರುವ ಮೊದಲೇ ಕೋತಿಗಳು ಅದರ ತಿರುಪು ಕಿತ್ತು ಜಗತ್ತನ್ನು ಉಳಿಸುತ್ತಿದ್ದವು ಎಂದು ಬರೆದೆ.

ಅಮ್ಮನಿಗೂ ಒಂದು ವಾರ ಗುಟ್ಟು ಗೊತ್ತಾಯಿತು. ಮುಖವಾಡದ ವೀರನ ಕಥೆಯನ್ನು ಪೂರ್ತಿ ಹೇಳಿಸಿಕೊಂಡು ಕೇಳಿದಳು: "ರಾತ್ರಿಯೆಲ್ಲ ಊರ್ ಕಾಯ್ತಾನೆ, ಬೆಳಿಗ್ಗೆದ್ದು ಆಫೀಸಿಗೋಯ್ತಾನೆ. ಇವ್ನ್ ಮಲಗೋದ್ ಯಾವಾಗ್ಲಾ?" ಹಾಗೆಯೇ ಬರೆದೆ. ಆ ಮುಖವಾಡದವನ ಬಗ್ಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ ಎಂದು ಈಗಲೂ ನನ್ನ ಅಭಿಪ್ರಾಯ.

ಕುಣಿಗಲ್ಲಿನ ಹುಡುಗಿ ವಾರ ತಪ್ಪದೆ ಕಾರ್ಡು ಹಾಕುತ್ತಿದ್ದಳು. 'ಹದಿನಾಲ್ಕನೇ ಪುಟದಲ್ಲಿ ಅವನ ಬೂಟು ಕೆಂಪು, ಹದಿನೈದರಲ್ಲಿ ನೀಲಿ. ನೀವು ನೋಡಿದಿರಾ?' ನಾನು ನೋಡಿದ್ದೆ. ನೋಡಿದ್ದೆ ಎಂದು ಮುಂದಿನ ವಾರದ ಅಂಕಣದಲ್ಲಿ ಉತ್ತರಿಸುವಾಗ ಆಗುತ್ತಿದ್ದ ಸಂತೋಷ, ಎಂ.ಎ. ಪದವಿ ತೆಗೆದುಕೊಂಡಾಗಲೂ ಆಗಿರಲಿಲ್ಲ. ನನ್ನನ್ನು ಇಷ್ಟು ಗಮನವಿಟ್ಟು ಓದುವವರು ಜಗತ್ತಿನಲ್ಲಿ ಒಬ್ಬರಿದ್ದರು. ಅವರಿಗೆ ಹನ್ನೆರಡು ವರ್ಷ.

ಸ್ಟಾಫ್ ರೂಮಿನಲ್ಲಿ ಮಾತ್ರ ಆ ಪತ್ರಿಕೆಯನ್ನು ಕೈಯಿಂದಲೂ ಮುಟ್ಟುತ್ತಿರಲಿಲ್ಲ. ವಿಭಾಗದ ಮುಖ್ಯಸ್ಥರು ಒಂದು ದಿನ ಪತ್ರಿಕೆಯನ್ನು ಮೇಜಿಗೆ ಬಡಿದು, "ಯಾವನ್ರೀ ಇವ್ನು, ಎರಡು ಚುಕ್ಕಿಯೋನು? ವಿಮರ್ಶೆ ಅನ್ನೋ ಮಾತಿಗೇ ಅವಮಾನ. ಇವ್ನೇನಾದ್ರೂ ಕನ್ನಡ ಎಂ.ಎ. ಆಗಿದ್ರೆ ಡಿಗ್ರಿ ವಾಪಸ್ ಕಿತ್ಕೋಬೇಕು" ಅಂದರು. "ಕಿತ್ಕೋಬೇಕು ಸಾರ್" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ನಾನೇ.

ಕೊನೆಗೂ ಸಂದರ್ಶನದ ದಿನ ಬಂತು. ಪ್ರಿನ್ಸಿಪಾಲರ ಕೋಣೆಯಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರು, ಪ್ರಿನ್ಸಿಪಾಲರು, ನಮ್ಮ ಮುಖ್ಯಸ್ಥರು, ಜೊತೆಗೆ ಹೊರಗಿನಿಂದ ಕರೆಸಿದ ಒಬ್ಬ ತಜ್ಞರು. ನಿವೃತ್ತ ಪ್ರಾಧ್ಯಾಪಕರು, ಕುಣಿಗಲ್ಲಿನಲ್ಲಿ ಮಗನ ಮನೆಯಲ್ಲಿದ್ದರು. ಅವರ ಮಾತೇ ಕೊನೆಯ ಮಾತು ಎಂದು ಎಲ್ಲರಿಗೂ ಗೊತ್ತಿತ್ತು. ಛಂದಸ್ಸು, ವ್ಯಾಕರಣ ಎಲ್ಲ ಕೇಳಿದರು. ತಡವರಿಸದೆ ಹೇಳಿದೆ. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು: "ಈ ಊರಿನ ವಾರಪತ್ರಿಕೇಲಿ ಕಾಮಿಕ್ಸ್ ಬಗ್ಗೆ ಬರೀತಾನಲ್ಲ ಒಬ್ಬ, ಎರಡು ಚುಕ್ಕಿಯೋನು, ಅವನ್ಯಾರು ಗೊತ್ತೇನ್ರೀ?"

ಮುಖ್ಯಸ್ಥರ ಹುಬ್ಬು ಗಂಟಿಕ್ಕಿತು. ನನಗೆ ಆ ಹುಬ್ಬು ಬಿಟ್ಟು ಬೇರೇನೂ ಕಾಣಲಿಲ್ಲ.

"ಗೊತ್ತಿಲ್ಲ ಸಾರ್. ಅಂಥದ್ದನ್ನೆಲ್ಲ ನಾನು ಓದೋದಿಲ್ಲ."

"ಹೌದಾ. ಹೋಗ್ಲಿ ಬಿಡಿ" ಎಂದು ಕನ್ನಡಕ ಹಾಕಿಕೊಂಡರು.

ಗಂಡಾಂತರದಿಂದ ಪಾರಾದೆ ಎಂದು ಹಿಗ್ಗುತ್ತಾ ಹೊರಗೆ ಬಂದೆ. ನನ್ನ ನಂತರ ಹೋಗಬೇಕಾದವನು ಹಾಸನದ ಕಡೆಯವನು, ಕೆಲಸ ಹುಡುಕಿಕೊಂಡು ತುಮಕೂರಿನಲ್ಲೇ ರೂಮು ಮಾಡಿಕೊಂಡಿದ್ದ. ಹೊಸ ಸಫಾರಿ ಸೂಟು ಹಾಕಿಕೊಂಡು ಬೆವರುತ್ತಿದ್ದ. ಒಳಗಿನಿಂದ ಕರೆ ಬರುವುದು ಇನ್ನೂ ತಡವಿತ್ತು. "ಏನೇನ್ ಕೇಳಿದ್ರು ಸಾರ್?" ಅಂದ. ನನ್ನ ಗುಟ್ಟಿನ ಭಯ ಇನ್ನೂ ಪೂರ್ತಿ ಇಳಿದಿರಲಿಲ್ಲವಾದ್ದರಿಂದ, ಆ ಅಂಕಣಕಾರನನ್ನು ಆಡಿಕೊಳ್ಳುವುದೇ ಕ್ಷೇಮ ಅನ್ನಿಸಿತು. ಕಾಮಿಕ್ಸ್ ಬಗ್ಗೆ ಬರೆಯೋ ಎರಡು ಚುಕ್ಕಿಯೋನು ಯಾರು ಅಂತ ಕೇಳಿದ್ರು, ಯಾವನೋ ಮುಠ್ಠಾಳ, ಮರಳುಗಾಡಿನಲ್ಲಿ ಮೊಸಳೆ ಬಿಟ್ಟು ಆಮೇಲೆ ಕ್ಷಮೆ ಕೇಳಿದ ಅಂದೆ. ಹನ್ನೊಂದು ಸಾಲಿನ ಸಂಭಾಷಣೆ ಹೇಳಿದೆ, ಶೆಟ್ಟಿಹಳ್ಳಿಯ ಗೋಡೆ ಹೇಳಿದೆ, ಕೋತಿ ಹೇಳಿದೆ, ಬೂಟಿನ ಬಣ್ಣ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. ಅವನು ನಕ್ಕಷ್ಟೂ ನಾನು ಹುರುಪಿನಿಂದ ಹೇಳಿದೆ. ಯಾವ ಕವಿಯ ಬಗ್ಗೆಯೂ ನಾನು ತರಗತಿಯಲ್ಲಿ ಅಷ್ಟು ಚೆನ್ನಾಗಿ ಪಾಠ ಮಾಡಿರಲಿಲ್ಲ.

ಅವನನ್ನು ಒಳಗೆ ಕರೆದರು. ಸ್ವಲ್ಪ ಹೊತ್ತಿಗೆ ಜವಾನ ಕಾಫಿ ಒಯ್ದವನು ಬಾಗಿಲನ್ನು ಪೂರ್ತಿ ಹಾಕಲಿಲ್ಲ. ಪ್ರಾಧ್ಯಾಪಕರ ದನಿ ಕೇಳಿಸಿತು.

"ನೀವೇ ಏನ್ರೀ ಅದು! ನನ್ ಮೊಮ್ಮಗಳು ನಿಮಗೆ ವಾರ ವಾರ ಕಾರ್ಡ್ ಬರೀತಾಳಲ್ಲ. ಪೇಪರ್ ಬಂದ್ರೆ ನಾನೂ ಅವಳೂ ಕಿತ್ತಾಡ್ತೀವಿ, ಮೊದ್ಲು ಯಾರ್ ಓದೋದು ಅಂತ. ಪುಸ್ತಕ ಓದಿರ್ಲಿಲ್ಲ ಅಂತ ಒಪ್ಕೊಂಡ ವಿಮರ್ಶಕನ್ನ ನನ್ ಸರ್ವೀಸಲ್ಲೇ ನೋಡಿರ್ಲಿಲ್ಲ."

ಸಫಾರಿ ಸೂಟಿನವನು ವಿನಯದಿಂದ ಏನೋ ಅಂದ. ಆಮೇಲೆ ನಮ್ಮ ಮುಖ್ಯಸ್ಥರ ದನಿ: "ನಾನೂ ಬಿಡದೆ ಓದ್ತೀನಿ ಸಾರ್. ಬಹಳ ಮೌಲಿಕವಾಗಿರುತ್ತೆ."

ನಾಲ್ಕು ಹೆಜ್ಜೆ ಹಾಕಿ ಬಾಗಿಲು ತಳ್ಳಬಹುದಾಗಿತ್ತು. ತಳ್ಳಿ ಏನೆಂದು ಹೇಳಲಿ? ಅಂಥದ್ದನ್ನೆಲ್ಲ ಓದೋದಿಲ್ಲ ಎಂದು ಅದೇ ಬಾಯಲ್ಲಿ ಹೇಳಿ ಬಂದಿದ್ದೆ. ಕಾರಿಡಾರಿನ ಬೆಂಚಿನ ಮೇಲೆ ಕುಳಿತುಕೊಂಡೆ. ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತುಗಳನ್ನು ಜೀವನದಲ್ಲಿ ಮೊದಲ ಸಲ ಕೇಳುತ್ತಿದ್ದೆ. ಹಾಳು ಕಿವಿ, ಒಂದನ್ನೂ ಬಿಡದೆ ಕೇಳಿಸಿಕೊಂಡಿತು.

ಹುದ್ದೆ ಅವನಿಗಾಯಿತು. ಕೆಲಸಕ್ಕೆ ಸೇರಿದ ಮೊದಲ ವಾರವೇ ಅವನು ನನ್ನನ್ನು ಕ್ಯಾಂಟೀನಿಗೆ ಕರೆದೊಯ್ದ. ಕಾಫಿ ಬಂದ ಮೇಲೆ ತಗ್ಗಿದ ದನಿಯಲ್ಲಿ, "ಆ ಅಂಕಣ ಬರೆಯೋರು ನಿಮಗೆ ಗೊತ್ತಿರ್ಬೇಕಲ್ವಾ ಸಾರ್? ದಯವಿಟ್ಟು ನಿಲ್ಲಿಸ್ಬೇಡಿ ಅಂತ ಅವ್ರಿಗೊಂದ್ ಮಾತ್ ಹೇಳಿ" ಅಂದ. ನನ್ನ ಮುಖವನ್ನು ನೋಡುತ್ತಲೇ ಇದ್ದ. ಅವನಿಗೆ ಎಲ್ಲವೂ ಅರ್ಥವಾಗಿತ್ತು. ಕೆಟ್ಟವನಲ್ಲ ಅವನು. ಮೂರು ವರ್ಷ ಕೆಲಸವಿಲ್ಲದೆ ಅಲೆದಿದ್ದ. ಅವನ ಮೇಲೆ ಕೋಪ ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟೆ. ಕೋಪವೆಲ್ಲ ತಿರುಗಿ ನನ್ನ ಮೇಲೇ ಬಂತು. ಹೇಳ್ತೀನಿ ಅಂದೆ. ಶುಕ್ರವಾರ ಎಂದಿನಂತೆ ಕಟ್ಟು ಒಯ್ದೆ, ಓದಿದೆ, ಬರೆದೆ.

ಪತ್ರಿಕೆಯ ಕಚೇರಿಗೆ ಆ ವಾರ ಕುಣಿಗಲ್ಲಿನ ಕಾರ್ಡು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಹುಡುಗಿಗೆ ಹುಷಾರಿಲ್ಲವೇನೋ ಎಂದು ಹೆದರಿದೆ.

ಕಾರ್ಡು ಕಾಲೇಜಿಗೆ ಬಂದಿತ್ತು. ಅವನೇ ತಂದು ತೋರಿಸಿದ. ದುಂಡನೆಯ ಅಕ್ಷರದಲ್ಲಿ ಅವನ ಹೆಸರು, ಹಿಂದೆ 'ಸನ್ಮಾನ್ಯ', ಮುಂದೆ 'ಅವರಿಗೆ'. 'ತಾತ ನಿಮ್ಮ ಹೆಸರು ಹೇಳಿದರು. ಇನ್ನು ಮೇಲೆ ನಿಮಗೇ ಬರೆಯುತ್ತೇನೆ. ಈ ಸಲದ ಪುಸ್ತಕದಲ್ಲಿ ಮುಖವಾಡದವನು ಒಬ್ಬ ಮುದುಕನನ್ನು ಹೊತ್ತುಕೊಂಡು ಹೋಗುತ್ತಾನೆ. ಆ ಮುದುಕ ಅವನಿಗೆ ಏನಾಗಬೇಕು? ಕಥೆಯಲ್ಲಿ ಹೇಳಿಲ್ಲ.'

"ಏನಾಗ್ಬೇಕು ಸಾರ್?" ಎಂದು ಅವನು ಪೆನ್ನಿನ ಟೋಪಿ ತೆಗೆದ.

"ಅವನ ಅಪ್ಪ" ಅಂದೆ. "ಆರನೇ ಪುಟದಲ್ಲಿ ಅವನ ಮನೆ ಗೋಡೆ ಮೇಲೆ ಒಂದು ಫೋಟೋ ಇದೆ, ಉಗುರಿನಷ್ಟು ಚಿಕ್ಕದು. ಅದೇ ಮುಖ, ಮೀಸೆ ಮಾತ್ರ ಕಪ್ಪು."

ಅವನು ಹಾಗೆಯೇ ಬರೆದುಕೊಂಡ. ಅಕ್ಷರ ಬಹಳ ಚೆನ್ನಾಗಿತ್ತು. ಕೆಳಗೆ ತನ್ನ ಹೆಸರು ಬರೆದು, ವಿಳಾಸ ಬರೆದು, ಕಾರ್ಡನ್ನು ನನ್ನ ಕೈಗೇ ಕೊಟ್ಟ. "ಹೆಂಗೂ ಬಸ್ ಸ್ಟ್ಯಾಂಡ್ ಕಡೆ ಹೋಗ್ತೀರಲ್ಲ ಸಾರ್, ಪೋಸ್ಟ್ ಡಬ್ಬಕ್ಕೆ ಹಾಕ್ಬಿಡಿ."

ಹಾಕಿದೆ. ಹುದ್ದೆ ಕೈತಪ್ಪಿದ ದಿನ ನನ್ನ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ಅವತ್ತು ಗುಬ್ಬಿ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಊರು ಬರುವವರೆಗೂ ಅತ್ತೆ.